ಕೌಂಟ್ ಏರಿತು, ಗಂಟು ಕರಗಿತು: ದಾವಣಗೆರೆಯ ಒಂದು ಪ್ರಕರಣ

ಮೂರನೇ ವಾರದ ರಿಪೋರ್ಟಿಗೆ ಸಹಿ ಹಾಕಿದ್ದು ನಾನೇ. ಬಿಳಿ ರಕ್ತಕಣ 1,94,000. ಔಷಧ ಶುರುವಾದ ದಿನ ಅದು 96,000 ಇತ್ತು. ಮೆಷಿನ್ ಕೆಂಪು ಗುರುತು ಹಾಕಿತು. ಸ್ಯಾಂಪಲ್ ತೆಳು ಮಾಡಿ ಮತ್ತೊಮ್ಮೆ ಓಡಿಸಿದೆ. ಅದೇ ಲೆಕ್ಕ ಬಂತು. 'ಕ್ರಿಟಿಕಲ್' ಅಂತ ಟೈಪ್ ಮಾಡಿ ಕಳಿಸಿದೆ.

ಸಂಜೆ ರೋಗಿಯ ಮಗ ಅದನ್ನು ವಾಟ್ಸಾಪಿನಲ್ಲಿ ನೋಡಿದ. ಮೂರು ವಾರಕ್ಕೆ ದುಪ್ಪಟ್ಟು! ಅವತ್ತು ರಾತ್ರಿ ಅಪ್ಪನಿಗೆ ಕೊಡಬೇಕಿದ್ದ ಕ್ಯಾಪ್ಸೂಲ್ ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಯಾರನ್ನೂ ಕೇಳಲಿಲ್ಲ.

ಔಷಧ ಕೆಲಸ ಮಾಡುತ್ತಿತ್ತು. ಕೌಂಟ್ ಏರಿದ್ದೇ ಅದರ ಗುರುತು. ಇದು ಉಲ್ಟಾ ಅನ್ನಿಸುತ್ತೆ, ಅಲ್ವಾ? ಅವತ್ತು ಮಗನಿಗೂ ಹಾಗೇ ಅನ್ನಿಸಿತ್ತು. ರಕ್ತದ ಕ್ಯಾನ್ಸರ್ ಅಂದಮೇಲೆ ಅದು ಇರುವುದು ರಕ್ತದಲ್ಲಿ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಈ ಒಂದು ತಿಳುವಳಿಕೆ ತಪ್ಪಿದ್ದರಿಂದ ಆ ಮನೆಯಲ್ಲಿ 11 ದಿನ ಏನಾಯಿತು ಅನ್ನುವುದೇ ಈ ಪ್ರಕರಣ. ರೋಗಿಯ ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಯಜಮಾನರು

ನಾನು ದಾವಣಗೆರೆಯಲ್ಲಿ ಸಣ್ಣದೊಂದು ಲ್ಯಾಬ್ ನಡೆಸುವ ಪ್ಯಾಥಾಲಜಿಸ್ಟ್. ಇವರನ್ನು ಎಲ್ಲರೂ ಯಜಮಾನರು ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ವಯಸ್ಸು 67. ಸುಮಾರು 40 ವರ್ಷ ಮಂಡಕ್ಕಿ ಭಟ್ಟಿ ನಡೆಸಿದವರು. ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದು, ಅರಳಿದ ಕೂಡಲೇ ಜರಡಿಗೆ ಎತ್ತುವ ಕೆಲಸ. ಒಂದು ಕ್ಷಣ ತಡವಾದರೆ ಮಂಡಕ್ಕಿ ಕಪ್ಪಾಗುತ್ತೆ. ಅವರ ಬೆರಳ ತುದಿ ಎಷ್ಟು ದಪ್ಪ ಕಟ್ಟಿದೆ ಅಂದರೆ, ಶುಗರ್ ನೋಡಲು ಬೆರಳು ಚುಚ್ಚಿದರೆ ಒಂದು ಹನಿ ರಕ್ತ ಬರುವುದೇ ಕಷ್ಟ. ನಮ್ಮ ಹುಡುಗರು ನೇರವಾಗಿ ಮೊಣಕೈ ನರಕ್ಕೇ ಹೋಗುತ್ತಾರೆ.

ನಾಲ್ಕು ವರ್ಷದ ಹಿಂದೆ ಕಣ್ಣಿನ ಪೊರೆ ಆಪರೇಷನ್ ಮಾಡಿಸುವುದಿತ್ತು. ಅದಕ್ಕೆ ಮುಂಚೆ ಮಾಡಿಸುವ ಮಾಮೂಲಿ ಸಿಬಿಸಿಯಲ್ಲಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆಯಲ್ಲಿ, ಬಿಳಿ ಕಣ 31,000 ಬಂತು. ಸಾಮಾನ್ಯವಾಗಿ ಇರಬೇಕಾದ್ದು 4,000ದಿಂದ 11,000. ಜ್ವರ ಇಲ್ಲ, ಕೆಮ್ಮು ಇಲ್ಲ, ಮನುಷ್ಯ ಗಟ್ಟಿಮುಟ್ಟಾಗಿ ಸ್ಕೂಟರ್ ಓಡಿಸಿಕೊಂಡು ಬಂದಿದ್ದಾರೆ. ಇಂಥವರ ಸ್ಲೈಡ್ ನೋಡಲೇಬೇಕು.

ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಇಟ್ಟು, ಇನ್ನೊಂದು ಪಟ್ಟಿಯ ಅಂಚಿನಿಂದ ಸರ್ರನೆ ಎಳೆದು, ಲೀಶ್ಮನ್ ಬಣ್ಣ ಹಾಕಿ, ಎಣ್ಣೆ ಬಿಟ್ಟು ದೊಡ್ಡ ಲೆನ್ಸಿನಲ್ಲಿ ನೋಡಿದೆ. ಎಲ್ಲಿ ನೋಡಿದರೂ ಸಣ್ಣ, ದುಂಡಗಿನ ಲಿಂಫೋಸೈಟುಗಳು, ಬಿಳಿ ಕಣಗಳಲ್ಲೇ ಒಂದು ಬಗೆ. ಒಂದರ ಪಡಿಯಚ್ಚು ಇನ್ನೊಂದು. ಅವುಗಳ ಮಧ್ಯೆ ಒಡೆದು ಹರಡಿಕೊಂಡ ನೇರಳೆ ಕಲೆಗಳು. ಮಳೆಗಾಲದ ಶುರುವಿನಲ್ಲಿ ನೇರಳೆ ಮರದ ಕೆಳಗೆ ಜನ ತುಳಿದ ಹಣ್ಣು ನೆಲಕ್ಕೆ ಅಂಟಿರುತ್ತಲ್ಲ, ಥೇಟ್ ಹಾಗೆ. ನಾವು ಇವನ್ನು ಸ್ಮಡ್ಜ್ ಕಣ ಅನ್ನುತ್ತೇವೆ. ಈ ಕಣಗಳು ಅಷ್ಟು ಸೂಕ್ಷ್ಮ, ಗಾಜಿನ ಮೇಲೆ ಎಳೆದರೆ ಸಾಕು, ಒಡೆದು ಹೋಗುತ್ತವೆ. ರಕ್ತಕ್ಕೆ ಒಂದು ಹನಿ ಆಲ್ಬುಮಿನ್ ಬೆರೆಸಿ ಮತ್ತೆ ಸ್ಲೈಡ್ ಎಳೆದರೆ ಒಡೆಯುವುದು ಕಡಿಮೆಯಾಗುತ್ತೆ. ಹಾಗೆ ಮಾಡಿ ಎಣಿಸಿದೆ. ನೂರಕ್ಕೆ 82 ಲಿಂಫೋಸೈಟ್.

ಸ್ಯಾಂಪಲ್ ಬೆಂಗಳೂರಿಗೆ ಹೋಯಿತು. ಕಣಗಳ ಮೈಮೇಲಿನ ಗುರುತು ಹುಡುಕುವ ಫ್ಲೋ ಸೈಟೋಮೆಟ್ರಿ ಪರೀಕ್ಷೆಯಲ್ಲಿ ಸಿಡಿ19, ಸಿಡಿ23 ಮತ್ತು ಸಿಡಿ5 ಮೂರೂ ಪಾಸಿಟಿವ್. ಲಿಂಫೋಸೈಟುಗಳಲ್ಲಿ ಬಿ ಕಣ, ಟಿ ಕಣ ಅಂತ ಬಗೆಗಳಿವೆ. ಸಿಡಿ19 ಅನ್ನುವುದು ಬಿ ಕಣದ ಗುರುತು. ಸಿಡಿ5 ಮಾಮೂಲಿಯಾಗಿ ಟಿ ಕಣದ ಮೇಲಿರುವ ಗುರುತು. ಎರಡೂ ಒಂದೇ ಕಣದ ಮೇಲೆ ಸಾಲುಸಾಲಾಗಿ ಕಂಡರೆ ಅದು ಹೆಚ್ಚಾಗಿ ಸಿಎಲ್‌ಎಲ್, ಅಂದರೆ ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ. ವಯಸ್ಸಾದವರಿಗೆ ಬರುವ, ನಿಧಾನವಾಗಿ ಸಾಗುವ ರಕ್ತದ ಕ್ಯಾನ್ಸರ್.

ಆಗ ಔಷಧ ಏನೂ ಕೊಡಲಿಲ್ಲ. ಮನೆಯವರಿಗೆ ಇದು ನುಂಗಲಾರದ ಮಾತಾಗಿತ್ತು. ಕ್ಯಾನ್ಸರ್ ಅಂತೀರಿ, ಸುಮ್ನೆ ಮನೆಗೆ ಹೋಗಿ ಅಂತೀರಿ! ಆದರೆ ಅದೇ ಸರಿ. ತೊಂದರೆ ಶುರುವಾಗುವ ಮುಂಚೆಯೇ ಕೀಮೋ ಮಾತ್ರೆ ಕೊಟ್ಟರೆ ಆಯುಷ್ಯ ಜಾಸ್ತಿಯಾಗುತ್ತಾ ಅಂತ ಫ್ರಾನ್ಸಿನಲ್ಲಿ ದೊಡ್ಡ ಪರೀಕ್ಷೆ ನಡೆದಿತ್ತು. ಇಲ್ಲ ಅನ್ನುವ ಉತ್ತರ 1998ರಲ್ಲಿ ಪ್ರಕಟವಾಯಿತು. ಹಾಗಾಗಿ ಯಜಮಾನರು ಮೂರು ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟು, ನಮ್ಮ ಹುಡುಗರಿಗೆ ಒಂದು ಚೀಲ ಮಂಡಕ್ಕಿ ಕೊಟ್ಟು ಹೋಗುತ್ತಿದ್ದರು.

ನಾಲ್ಕನೇ ವರ್ಷ ಚಿತ್ರ ಬದಲಾಯಿತು. ಕುತ್ತಿಗೆಯ ಎರಡೂ ಕಡೆ ನಿಂಬೆಹಣ್ಣಿನ ಗಾತ್ರದ ಗಂಟು, ಅಂದರೆ ಊದಿದ ದುಗ್ಧಗ್ರಂಥಿ. ಅಂಗಿಯ ಮೇಲಿನ ಗುಂಡಿ ಹಾಕಲು ಆಗುತ್ತಿರಲಿಲ್ಲ. ಎಡಗಡೆ ಪಕ್ಕೆಲುಬಿನ ಕೆಳಗೆ ಗುಲ್ಮ, ಅಂದರೆ ಸ್ಪ್ಲೀನ್, ಊದಿ ಐದು ಬೆರಳು ಇಳಿದಿತ್ತು. ತೂಕ ಎಂಟು ಕಿಲೋ ಕಡಿಮೆ. ರಾತ್ರಿ ಬೆವರುತ್ತಿದ್ದರಂತೆ. ಭಟ್ಟಿ ಮುಂದೆ ಜೀವನ ಕಳೆದವರಿಗೆ ಬೆವರು ಯಾವ ಲೆಕ್ಕ? ಅವರು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ದಿಂಬಿನ ಕವರ್ ಒದ್ದೆಯಾಗಿರುವುದನ್ನು ನೋಡಿ ಹೇಳಿದ್ದು ಅವರ ಹೆಂಡತಿ. ಹಿಮೋಗ್ಲೋಬಿನ್ 9.4, ಪ್ಲೇಟ್‌ಲೆಟ್ 88,000. ಇನ್ನು ಕಾಯುವ ಹಾಗಿರಲಿಲ್ಲ.

ಬೆಂಗಳೂರಿನ ರಕ್ತರೋಗ ತಜ್ಞರು ಇಬ್ರುಟಿನಿಬ್ ಬರೆದರು. ದಿನಕ್ಕೆ ಮೂರು ಕ್ಯಾಪ್ಸೂಲ್, ಒಟ್ಟು 420 ಮಿಲಿಗ್ರಾಂ, ಒಂದೇ ಹೊತ್ತಿಗೆ. ಇಸಿಜಿ, ಬಿಪಿ, ಹೆಪಟೈಟಿಸ್ ಬಿ ಪರೀಕ್ಷೆ ಎಲ್ಲ ಆಯಿತು. ಕೌಂಟ್ ಸ್ವಲ್ಪ ಏರಬಹುದು, ಹೆದರಬೇಡಿ ಅಂತಲೂ ಹೇಳಿದ್ದರಂತೆ. ಆ ಮಾತು ಹೇಳುವಾಗ ಮಗ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಹೊರಗಿದ್ದ. ಯಜಮಾನರು ಕೇಳಿಸಿಕೊಂಡಿದ್ದರು, ಆದರೆ 'ಸ್ವಲ್ಪ' ಅಂದರೆ 96,000 ಹೋಗಿ 1,94,000 ಅಂತ ಯಾರು ಅಂದುಕೊಳ್ಳುತ್ತಾರೆ?

ಬಾಣಂತನ ಮಾಡುವ ಕಣಗಳು

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಕುತೂಹಲ ಇರುವುದು ಇಲ್ಲೇ.

ಸಿಎಲ್‌ಎಲ್ ರೋಗಿಯ ರಕ್ತ ತೆಗೆದು, ಕ್ಯಾನ್ಸರ್ ಕಣಗಳನ್ನು ಬೇರೆ ಮಾಡಿ, ಪೋಷಕ ದ್ರವ ಹಾಕಿದ ತಟ್ಟೆಯಲ್ಲಿಡಿ. ಬೆಚ್ಚಗಿನ ಪೆಟ್ಟಿಗೆಯಲ್ಲಿ, ಬೇಕಾದ ಆಹಾರ ಕೊಟ್ಟು ಇಟ್ಟರೂ ಅವು ಕೆಲವೇ ದಿನಗಳಲ್ಲಿ ಸಾಯುತ್ತವೆ. ದೇಹದೊಳಗೆ ವರ್ಷಗಟ್ಟಲೆ ಸಾಯದೆ ಕೂತಿರುವ ಕಣ, ಹೊರಗೆ ಬಂದರೆ ವಾರ ಬಾಳುವುದಿಲ್ಲ. ಸ್ಲೈಡಿನ ಮೇಲೆ ಎಳೆದರೇ ಒಡೆಯುವ ಕಣ ಇದು, ನೆನಪಿದೆಯಲ್ಲ. ಹಾಗಾದರೆ ಒಳಗೆ ಇದನ್ನು ಯಾರೋ ಸಾಕುತ್ತಿದ್ದಾರೆ.

2000ದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಯಾನ್ ಬರ್ಗರ್, ಥಾಮಸ್ ಕಿಪ್ಸ್ ಮತ್ತು ಸಂಗಡಿಗರು ಆ 'ಯಾರೋ' ಯಾರು ಅಂತ ತೋರಿಸಿದರು. ಅವರು ರೋಗಿಯ ರಕ್ತದ ಕಣಗಳನ್ನು ಬೇರೆ ಮಾಡದೆ ಒಟ್ಟಿಗೇ ತಟ್ಟೆಯಲ್ಲಿಟ್ಟರು. ದಿನ ಕಳೆದಂತೆ ತಟ್ಟೆಯ ತಳದಲ್ಲಿ ದೊಡ್ಡ ದೊಡ್ಡ ಕಣಗಳು ಅಂಟಿಕೊಂಡು ಬೆಳೆದವು. ಕ್ಯಾನ್ಸರ್ ಕಣಗಳು ಅವುಗಳ ಸುತ್ತ, ತಾಯಿ ಕೋಳಿಯ ಪಕ್ಕದ ಮರಿಗಳ ಹಾಗೆ ಒತ್ತಿಕೊಂಡು ಕೂತವು. ಕೂತವು ಬದುಕಿದವು. ಆ ದೊಡ್ಡ ಕಣಗಳಿಂದ ಬಿಡಿಸಿದರೆ ಸತ್ತವು. ದೊಡ್ಡ ಕಣಗಳಿಗೆ ದಾದಿಯಂಥ ಕಣ ಅನ್ನುವ ಅರ್ಥದ ಹೆಸರಿಟ್ಟರು. ನಮ್ಮ ಕಡೆ ಹೇಳುವುದಾದರೆ ಬಾಣಂತನ ಮಾಡುವ ಕಣಗಳು.

ಇವು ಎಲ್ಲಿಂದ ಬಂದವು? ಹೊರಗಿನವಲ್ಲ. ನಮ್ಮದೇ ಮಾನೋಸೈಟುಗಳು, ಬಿಳಿ ಕಣಗಳಲ್ಲೇ ಇನ್ನೊಂದು ಬಗೆ. ಸಿಬಿಸಿ ರಿಪೋರ್ಟಿನಲ್ಲಿ ಲಿಂಫೋಸೈಟಿನ ಕೆಳಗಿನ ಸಾಲಿನಲ್ಲಿ 4, 5 ಅಂತ ಇರುತ್ತೆ, ಯಾರೂ ಅದರ ಕಡೆ ನೋಡುವುದಿಲ್ಲ. ಮಾನೋಸೈಟ್ ರಕ್ತದಿಂದ ಹೊರಗೆ ಹೋಗಿ ಅಂಗಾಂಶದಲ್ಲಿ ನೆಲೆಸಿದರೆ ಮ್ಯಾಕ್ರೋಫೇಜ್ ಆಗುತ್ತೆ. ಕ್ರಿಮಿ ನುಂಗುವುದು, ಸತ್ತ ಕಣ ಬಾಚುವುದು, ಗಾಯ ಮಾಯುವಾಗ ಹೊಸ ಕಣಗಳನ್ನು ಪೋಷಿಸುವುದು ಅದರ ಕೆಲಸ. ಸಿಎಲ್‌ಎಲ್ ಕಣ ಪಕ್ಕದಲ್ಲಿದ್ದರೆ ಅದೇ ಮಾನೋಸೈಟ್ ಬೆಳೆಯುವ ದಾರಿಯೇ ಬದಲಾಗುತ್ತೆ. ನುಂಗಬೇಕಾದ್ದು ಪೋಷಿಸಲು ಕೂರುತ್ತೆ. ಕಾವಲಿಗೆ ಇಟ್ಟ ನಾಯಿ ಕಳ್ಳನ ಮಗ್ಗುಲಲ್ಲೇ ಮಲಗಿದ ಹಾಗೆ. ಇದು ಬರೀ ತಟ್ಟೆಯ ಕತೆಯಲ್ಲ, ರೋಗಿಗಳ ಗುಲ್ಮದಲ್ಲೂ ಗಂಟುಗಳಲ್ಲೂ ಇಂಥ ಕಣಗಳು ಸಿಕ್ಕಿವೆ.

ಬಾಣಂತನ ಹೇಗೆ ನಡೆಯುತ್ತೆ? ಮೊದಲನೆಯದು ಕರೆಯುವುದು. ಈ ಕಣಗಳು ಸಿಎಕ್ಸ್‌ಸಿಎಲ್12, ಸಿಎಕ್ಸ್‌ಸಿಎಲ್13 ಅನ್ನುವ ಪ್ರೋಟೀನುಗಳನ್ನು ಬಿಡುತ್ತವೆ. ಹೆಸರು ಬಾಯಿಗೆ ಸಿಗದಿದ್ದರೂ ಪರವಾಗಿಲ್ಲ. ಬಿಸಿ ಎಣ್ಣೆಗೆ ಮೆಣಸಿನಕಾಯಿ ಬಿಟ್ಟ ವಾಸನೆ ಬೀದಿ ತುದಿಯವರನ್ನೂ ಗಾಡಿ ಹತ್ತಿರ ಎಳೆಯುತ್ತಲ್ಲ, ಅದೇ ಕೆಲಸ. ರಕ್ತದಲ್ಲಿ ತಿರುಗುವ ಕ್ಯಾನ್ಸರ್ ಕಣದ ಮೈಮೇಲೆ ಈ ವಾಸನೆ ಹಿಡಿಯುವ ಮೂಗು ಇದೆ. ಅದು ವಾಸನೆ ಹಿಡಿದು ಗಂಟಿನೊಳಕ್ಕೆ, ಗುಲ್ಮದೊಳಕ್ಕೆ, ಮೂಳೆ ಮಜ್ಜೆಗೆ ಹೋಗಿ ಅಂಟಿಕೊಳ್ಳುತ್ತೆ.

ಎರಡನೆಯದು ಊಟ. ಬಾಫ್, ಏಪ್ರಿಲ್ ಅಂತ ಎರಡು ಪ್ರೋಟೀನುಗಳಿವೆ. ಏಪ್ರಿಲ್ ಅಂದರೆ ತಿಂಗಳಲ್ಲ, ಹೆಸರಿನ ಅಕ್ಷರ ಕೂಡಿಸಿದಾಗ ಹಾಗೆ ಬಂದಿದೆ ಅಷ್ಟೆ. ಆರೋಗ್ಯವಾಗಿರುವ ಬಿ ಕಣ ಬದುಕಲು ಇವು ಬೇಕು. ಕ್ಯಾನ್ಸರ್ ಕಣಕ್ಕೂ ಇದೇ ಊಟ. ಇದು ಸಿಕ್ಕಾಗ ಕಣದೊಳಗೆ ಸಾವನ್ನು ತಡೆಯುವ ಪ್ರೋಟೀನುಗಳು ಏರುತ್ತವೆ.

ಮೂರನೆಯವರೂ ಇದ್ದಾರೆ, ಟಿ ಕಣಗಳು. ಇವನ್ನು ಕ್ಯಾನ್ಸರ್ ಕಣವೇ ಕರೆಸಿಕೊಳ್ಳುತ್ತೆ. ದಾದಿ ಕಣದ ಮಗ್ಗುಲಲ್ಲಿ ಕೂತ ಮೇಲೆ ಅದು ತಾನೇ ಸಿಸಿಎಲ್3, ಸಿಸಿಎಲ್4 ಅನ್ನುವ ಕರೆ ಕಳಿಸುತ್ತೆ. ಬಂದ ಟಿ ಕಣಗಳು ಕ್ಯಾನ್ಸರ್ ಕಣಕ್ಕೆ ಒಡೆದು ಎರಡಾಗು ಅನ್ನುವ ಸನ್ನೆ ಕೊಡುತ್ತವೆ. ರೋಗಿಯ ಸಿಎಲ್‌ಎಲ್ ಕಣಗಳನ್ನು ಇಲಿಗೆ ಹಾಕಿ ಬೆಳೆಸುವ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಅದೇ ರೋಗಿಯ ಟಿ ಕಣಗಳೂ ಜೊತೆಗಿದ್ದಾಗ ಕ್ಯಾನ್ಸರ್ ಕಣ ಬೆಳೆಯಿತು. ಟಿ ಕಣ ತೆಗೆದರೆ ಬೆಳೆಯಲಿಲ್ಲ.

ಹಾಗಾಗಿ ಗಂಟು ಅಂದರೆ ಸುಮ್ನೆ ಊತ ಅಲ್ಲ. ಕ್ಯಾನ್ಸರ್ ಕಣ ಹುಟ್ಟುವ ಜಾಗ ಅದು. ಬಹಳ ವರ್ಷ ನಮ್ಮಂಥವರು ಸಿಎಲ್‌ಎಲ್ ಕಣ ಹುಟ್ಟುವುದು ಕಡಿಮೆ, ಸಾಯದೆ ಗುಡ್ಡೆಯಾಗುತ್ತೆ ಅಂತ ಓದಿಕೊಂಡು ಬಂದವರು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದನ್ನು ಅಲ್ಲಾಡಿಸಿತು. 19 ರೋಗಿಗಳಿಗೆ ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ಬೆರೆಸಿದ ನೀರು ಕುಡಿಸಿ, ಅದರ ಗುರುತು ಎಷ್ಟು ಹೊಸ ಕಣಗಳಲ್ಲಿ ಸೇರಿತು ಅಂತ ಅಳೆದರು. ದಿನಕ್ಕೆ ಒಟ್ಟು ಕಣಗಳಲ್ಲಿ ಸಾವಿರಕ್ಕೆ ಒಂದರಿಂದ ಹಿಡಿದು ನೂರಕ್ಕೆ ಒಂದಕ್ಕಿಂತ ಜಾಸ್ತಿ ಹೊಸದಾಗಿ ಹುಟ್ಟುತ್ತಿದ್ದವು. ಸಾವಿರಕ್ಕೊಂದು ಕಡಿಮೆ ಅನ್ನಿಸಬಹುದು. ದೇಹದಲ್ಲಿ ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣ ಇದ್ದರೆ ದಿನಕ್ಕೆ 100 ಕೋಟಿ ಹೊಸವು ಅಂತ ಆಯಿತು.

ಈ ಸಾಕುವ ಸಂಬಂಧ ಸಿಎಲ್‌ಎಲ್ ಒಂದಕ್ಕೇ ಸೀಮಿತವಲ್ಲ. ಮಕ್ಕಳಲ್ಲೂ ಹರೆಯದವರಲ್ಲೂ ಬರುವ ಟಿ ಕಣದ ಲ್ಯುಕೇಮಿಯಾದಲ್ಲೂ, ಗಡ್ಡೆಯೊಳಗಿನ ಡೆಂಡ್ರಿಟಿಕ್ ಕಣ, ಮ್ಯಾಕ್ರೋಫೇಜಿನಂಥ ರಕ್ಷಣಾ ಕಣಗಳು ಕ್ಯಾನ್ಸರ್ ಕಣವನ್ನು ಬದುಕಿಸುವುದು ಇಲಿಗಳಲ್ಲಿ ಕಂಡಿದೆ. ಅಲ್ಲಿ ಸನ್ನೆ ಬೇರೆ, ಐಜಿಎಫ್1 ಅನ್ನುವ ಬೆಳವಣಿಗೆ ಪ್ರೋಟೀನಿನ ದಾರಿ. ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಇನ್ನು ಔಷಧ. ಬಿ ಕಣದೊಳಗೆ ಬಿಟಿಕೆ, ಅಂದರೆ ಬ್ರೂಟನ್ ಟೈರೋಸಿನ್ ಕೈನೇಸ್, ಅನ್ನುವ ಒಂದು ಕಿಣ್ವ ಇದೆ. ಇದರ ಹೆಸರಿನಲ್ಲಿರುವ ಬ್ರೂಟನ್ ಅನ್ನುವವರು ಅಮೆರಿಕದ ಸೇನಾ ಆಸ್ಪತ್ರೆಯ ಮಕ್ಕಳ ಡಾಕ್ಟರು. ಪದೇ ಪದೇ ಸೋಂಕು ಆಗುತ್ತಿದ್ದ ಒಬ್ಬ ಹುಡುಗನ ರಕ್ತದಲ್ಲಿ ಸೋಂಕು ತಡೆಯುವ ಗಾಮಾ ಗ್ಲಾಬ್ಯುಲಿನ್ ಪ್ರೋಟೀನೇ ಇಲ್ಲ ಅಂತ 1952ರಲ್ಲಿ ಬರೆದವರು. ಅಂಥ ಮಕ್ಕಳಲ್ಲಿ ಕೆಟ್ಟಿರುವುದು ಇದೇ ಕಿಣ್ವ ಅಂತ 1993ರಲ್ಲಿ ತಿಳಿಯಿತು. ಕಿಣ್ವ ಇಲ್ಲದಿದ್ದರೆ ಬಿ ಕಣ ತಯಾರಾಗುವುದೇ ಇಲ್ಲ. ಹಾಗಾದರೆ ಕೆಟ್ಟ ಬಿ ಕಣದಲ್ಲಿ ಇದನ್ನು ಮುಚ್ಚಿದರೆ? ಇಬ್ರುಟಿನಿಬ್ ಮಾಡುವುದು ಅದನ್ನೇ. 2014ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಸಿಎಲ್‌ಎಲ್‌ಗೆ ಅನುಮತಿ ಸಿಕ್ಕಿತು.

ಕೀಮೋ ಹಾಗೆ ಇದು ಕಣವನ್ನು ಹೊಡೆದು ಬೀಳಿಸುವುದಿಲ್ಲ. ದಾದಿ ಕಣದ ಸನ್ನೆ, ಹೊರಗಿನ ಸನ್ನೆ ಒಳಗೆ ತಲುಪುವ ದಾರಿಯಲ್ಲೇ ಬಿಟಿಕೆ ಕೂತಿದೆ. ವಾಸನೆ ಹಿಡಿದು ನಡೆಯುವುದಕ್ಕೂ, ಗೋಡೆಗೆ ಅಂಟಿಕೊಳ್ಳುವುದಕ್ಕೂ ಅದು ಬೇಕು. ಮುಚ್ಚಿದರೆ ಕಣದ ಹಿಡಿತ ಸಡಿಲವಾಗುತ್ತೆ. ಗಂಟಿನೊಳಗಿದ್ದದ್ದು ಜಾರಿ ರಕ್ತಕ್ಕೆ ಬೀಳುತ್ತೆ. ವಾಪಸ್ ಹೋಗಲು ದಾರಿ ತಿಳಿಯುವುದಿಲ್ಲ. ರಕ್ತದಲ್ಲಿ ಬಾಣಂತನ ಮಾಡುವವರು ಯಾರೂ ಇಲ್ಲ. ತಟ್ಟೆಯಲ್ಲಿದ್ದ ಕಣದ ಗತಿಯೇ ಇದಕ್ಕೂ, ಸ್ವಲ್ಪ ನಿಧಾನವಾಗಿ.

ಹಾಗಾಗಿ ಮೊದಲ ವಾರಗಳಲ್ಲಿ ಗಂಟು ಕರಗುತ್ತೆ, ಕೌಂಟ್ ಏರುತ್ತೆ. ಈ ಔಷಧ ಒಂದನ್ನೇ ತೆಗೆದುಕೊಳ್ಳುವ ಸಿಎಲ್‌ಎಲ್ ರೋಗಿಗಳಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಇಬ್ಬರಿಗೆ ಹೀಗಾಗುತ್ತೆ. ಇಳಿಯಲು ಕೆಲವು ತಿಂಗಳು, ಕೆಲವರಿಗೆ ವರ್ಷದ ಮೇಲೂ ಬೇಕು. ಬೇರೆಲ್ಲ ಸುಧಾರಿಸುತ್ತಾ ಕೌಂಟ್ ಮಾತ್ರ ಏರಿದರೆ ಅದನ್ನು ಕಾಯಿಲೆ ಜೋರಾಗಿದೆ ಅಂತ ಲೆಕ್ಕ ಹಾಕಬಾರದು ಅಂತ ತಜ್ಞರು 2012ರಲ್ಲೇ ಸ್ಪಷ್ಟ ಮಾಡಿದ್ದರು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ರಿಪೋರ್ಟಿನಲ್ಲಿ ಒಂದು ಸಾಲು ಬರೆಯಲಿಲ್ಲ. ನನ್ನ ಮುಂದೆ ಬಂದ ಚೀಟಿಯಲ್ಲಿ ಔಷಧದ ಹೆಸರು ಇರಲಿಲ್ಲ, ನಾನೂ ಕೇಳಲಿಲ್ಲ. ಮೆಷಿನ್‌ಗೆ 1,00,000 ದಾಟಿದರೆ ಕೂಗು ಅಂತ ಹೇಳಿಟ್ಟಿದ್ದೇವೆ. ಎಎಮ್ಎಲ್ ಅನ್ನುವ, ವೇಗವಾಗಿ ಸಾಗುವ ರಕ್ತದ ಕ್ಯಾನ್ಸರ್ ಥರದ ಕಾಯಿಲೆಯಲ್ಲಿ ಆ ಅಂಕಿ ನಿಜಕ್ಕೂ ಅಪಾಯ. ಅಲ್ಲಿನ ಕಣ ದೊಡ್ಡದು, ಅಂಟುವ ಜಾತಿ, ಮೆದುಳು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಕಟ್ಟಿಕೊಳ್ಳುತ್ತೆ. ಸಿಎಲ್‌ಎಲ್ ಕಣ ಚಿಕ್ಕದು, ಎರಡು ಮೂರು ಲಕ್ಷ ಆದರೂ ಹಾಗೆ ಕಟ್ಟಿಕೊಳ್ಳುವುದು ಅಪರೂಪ. ಮೆಷಿನ್ ಎರಡಕ್ಕೂ ಒಂದೇ ಕೂಗು ಹಾಕುತ್ತೆ. ವ್ಯತ್ಯಾಸ ಹೇಳಬೇಕಾದವಳು ನಾನು.

ಹನ್ನೊಂದು ದಿನ

ಔಷಧ ನಿಲ್ಲಿಸಿ 11ನೇ ದಿನ ಮಗ ಅಪ್ಪನನ್ನು ಕರೆದುಕೊಂಡು ಬಂದ. ರಕ್ತ ತೆಗೆದೆವು. 1,28,000.

"ನೋಡಿ ಮೇಡಂ, ಇಳೀತು," ಅಂದ. ಮುಖದಲ್ಲಿ ಗೆದ್ದ ಖುಷಿ. "ಆ ಮಾತ್ರೇನೇ ಸರಿ ಇರಲಿಲ್ಲ. ನಿಲ್ಸಿದ್ಮೇಲೆ ಅಮೃತಬಳ್ಳಿ ಕಷಾಯ ಕೊಡ್ತಿದೀವಿ, ಇಮ್ಯೂನಿಟಿ ಏರ್ಲಿ ಅಂತ."

ಆಗಲೇ ನನಗೆ ಗೊತ್ತಾಗಿದ್ದು, ಔಷಧ ನಿಂತಿದೆ ಅಂತ.

ಯಜಮಾನರ ಕಡೆ ತಿರುಗಿದೆ. ಕಾಲರ್ ತೆರೆದಿತ್ತು. ಕುತ್ತಿಗೆ ಮುಟ್ಟಿ ನೋಡಿದೆ. ಗಂಟು ಇದೆ. "ಇದು ಯಾವಾಗಿಂದ?" ಅಂದೆ.

"ನಡುವೆ ಕರಗಿತ್ತಮ್ಮ," ಅಂದರು. "ಮಾತ್ರೆ ಸುರು ಮಾಡಿ ಒಂಬತ್ತು ಹತ್ತು ದಿನಕ್ಕೆ ಅರ್ಧ ಆಗಿತ್ತು. ಮೊಮ್ಮಗಳ ನಾಮಕರಣಕ್ಕೆ ಮೇಲಿನ ಗುಂಡಿ ಹಾಕ್ಕೊಂಡು ಹೋಗಿದ್ದೆ. ಈಗ ಮತ್ತೆ ಬಂದೈತೆ. ರಾತ್ರಿ ಬೆವರೂ ಬರ್ತೈತೆ."

ಪಕ್ಕದಲ್ಲಿದ್ದ ಅಮ್ಮ, "ದಿಂಬಿನ ಕವರು ಮತ್ತೆ ಒಗೆಯೋ ಹಂಗಾಗೈತೆ" ಅಂದರು.

ಅಲ್ಲಿಗೆ ಕತೆ ಪೂರ್ತಿಯಾಯಿತು. ಔಷಧ ಇದ್ದಾಗ ಕೌಂಟ್ ಮೇಲೆ, ಗಂಟು ಕೆಳಗೆ. ಔಷಧ ನಿಂತಾಗ ಕೌಂಟ್ ಕೆಳಗೆ, ಗಂಟು ಮೇಲೆ. ಕಣಗಳು ಸತ್ತು ಕೌಂಟ್ ಇಳಿದಿರಲಿಲ್ಲ. ಕಿಣ್ವ ಮತ್ತೆ ಎದ್ದಿತು, ಮೂಗಿಗೆ ವಾಸನೆ ಮತ್ತೆ ಸಿಕ್ಕಿತು, ಅವು ತಿರುಗಿ ಗೂಡಿಗೆ ಹೋದವು. ಇದನ್ನು ಮೊದಲು ಕಂಡದ್ದು ಈ ಔಷಧದ ಆರಂಭದ ಪರೀಕ್ಷೆಗಳಲ್ಲಿ. ಒಂದು ಗುಂಪಿಗೆ 28 ದಿನ ಕೊಟ್ಟು ಏಳು ದಿನ ಬಿಡುವು ಕೊಡುತ್ತಿದ್ದರು. ಬಿಡುವಿನ ವಾರದಲ್ಲಿ ರಕ್ತದ ಕೌಂಟ್ ಇಳಿಯುತ್ತಿತ್ತು, ಗಂಟು ಊದುತ್ತಿತ್ತು. ನಾನು ಓದಿದ್ದು ಈಗ ನನ್ನ ಮುಂದೆ ಬೆಂಚಿನ ಮೇಲೆ ಕೂತಿತ್ತು.

ಮಗನಿಗೆ ಹೇಗೆ ಹೇಳುವುದು ಅಂತ ಕಾಗದ ತೆಗೆದು ಗಂಟು, ನರ, ಬಾಣದ ಗುರುತು ಎಲ್ಲ ಬರೆದೆ. ಅವನಿಗೆ ತಲೆಗೆ ಹೋಗಲಿಲ್ಲ. ಓದಿದವನು, ಆದರೆ 1,94,000 ಅನ್ನುವ ಅಂಕಿ ಅವನ ಕಣ್ಣ ಮುಂದಿನಿಂದ ಸರಿಯುತ್ತಿರಲಿಲ್ಲ. ಸುಮ್ಮನೆ ಕೇಳುತ್ತಾ ಕೂತಿದ್ದ ಯಜಮಾನರು ಮಧ್ಯೆ ಬಾಯಿ ಹಾಕಿದರು.

"ಗೋಡೌನ್ನಾಗಿನ ಮಾಲು ಅಂಗಳಕ್ಕೆ ಬಂದೈತೆ ಅಂತೀರಿ."

"ಹೌದು ಯಜಮಾನ್ರೇ."

"ನೀವು ಎಣಿಸೋದು ಅಂಗಳದ್ದು."

"ಅಷ್ಟೇ. ಗೋಡೌನ್ ಎಣಿಸೋಕೆ ನನ್ನ ಮೆಷಿನ್‌ಗೆ ಆಗಲ್ಲ."

ಮಗನ ಕಡೆ ತಿರುಗಿ, "ಲೋ, ಅಂಗಳ ಖಾಲಿ ಕಂಡ್ರೆ ಮಾಲು ಸುಟ್ಟೋತು ಅಂತಾನಾ? ಒಳಗೆ ಹೋಗೈತೆ" ಅಂದರು. ಅರ್ಧ ಗಂಟೆ ನಾನು ಚಿತ್ರ ಬರೆದು ಹೇಳಿದ್ದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು.

ಅಂಗಳ, ಗೋಡೌನ್ ಎರಡನ್ನೂ ನೋಡುವುದು ಹೇಗೆ? ಕುತ್ತಿಗೆ, ಕಂಕುಳು, ತೊಡೆಸಂದು ಕೈಯಿಂದ ಮುಟ್ಟಿ ನೋಡಬೇಕು. ಹೊಟ್ಟೆಯ ಎಡಗಡೆ ಒತ್ತಿ ಗುಲ್ಮ ಎಷ್ಟು ಇಳಿದಿದೆ ಅಂತ ನೋಡಬೇಕು. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಯಾವ ಕಡೆ ಹೋಗುತ್ತಿವೆ ಅಂತ ನೋಡಬೇಕು. ಮೂರನೇ ವಾರದ ಆ ಕೆಂಪು ರಿಪೋರ್ಟನ್ನೇ ಮತ್ತೆ ತೆಗೆದೆ. ಪ್ಲೇಟ್‌ಲೆಟ್ 88,000 ಇದ್ದದ್ದು 1,02,000 ಆಗಿತ್ತು. ಮಜ್ಜೆಯಲ್ಲಿ ಜಾಗ ಬಿಡುತ್ತಿದೆ ಅಂತ ಅದೇ ಕಾಗದ ಹೇಳುತ್ತಿತ್ತು. ಎರಡು ಸಾಲು ಕೆಳಗೆ, ಕಪ್ಪು ಅಕ್ಷರದಲ್ಲಿ. ಕೆಂಪು ಸಾಲು ಬಿಟ್ಟು ಅದನ್ನು ಯಾರು ಓದುತ್ತಾರೆ?

ಕಷಾಯದ ವಿಷಯ. ಅವರಿಗೆ ಬೈಯಲು ನನಗೆ ಮನಸ್ಸಾಗಲಿಲ್ಲ, ಪ್ರೀತಿಯಿಂದ ಕೊಟ್ಟದ್ದು. ಆದರೂ ನಿಲ್ಲಿಸಿ ಅಂದೆ. ಒಂದು ಕಾರಣ ಲಿವರ್. ಕೊರೋನಾ ಸಮಯದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ಡಾಕ್ಟರುಗಳು 2021ರಲ್ಲಿ ವರದಿ ಮಾಡಿದ್ದಾರೆ. ಇಬ್ರುಟಿನಿಬ್ ಕರಗುವುದೂ ಲಿವರಿನಲ್ಲೇ, ಚಕ್ಕೋತದ ಜಾತಿಯ ಹಣ್ಣು ಕೂಡ ಅದರ ಮಟ್ಟ ಏರಿಸಿಬಿಡುತ್ತೆ. ಇನ್ನೊಂದು ಕಾರಣ ನನ್ನ ಜಗಳ, ಆ 'ಇಮ್ಯೂನಿಟಿ ಏರಿಸು' ಅನ್ನುವ ಮಾತಿನ ಜೊತೆ. ಇಮ್ಯೂನಿಟಿ ಅನ್ನುವುದು ಟ್ಯಾಂಕಿನ ನೀರಿನ ಹಾಗೆ ಒಂದೇ ಮಟ್ಟ ಇರುವ ವಸ್ತುವಲ್ಲ. ಇವರ ದೇಹದಲ್ಲಿ ಕ್ಯಾನ್ಸರ್ ಕಣದ ತೊಟ್ಟಿಲು ತೂಗುತ್ತಿದ್ದವರೇ ಇಮ್ಯೂನಿಟಿಯ ಕಣಗಳು. ಯಾರನ್ನು ಏರಿಸುತ್ತೀರಿ?

ಅವತ್ತೇ ಬೆಂಗಳೂರಿನ ತಜ್ಞರಿಗೆ ಫೋನ್ ಮಾಡಿದೆ. ನಾಳೆಯಿಂದಲೇ ಅದೇ ಡೋಸ್ ಶುರು ಮಾಡಿ ಅಂದರು. ಈ ಸಲ ಫೋನನ್ನು ಸ್ಪೀಕರಿನಲ್ಲಿಟ್ಟಿದ್ದೆ. ಮಗ ಕಾರು ಎಲ್ಲೋ ಅಡ್ಡ ನಿಲ್ಲಿಸಿ ಬಂದಿದ್ದನಂತೆ, ಆದರೂ ಕೂತು ಕೇಳಿದ.

ಆಮೇಲೆ

ಮತ್ತೆ ಶುರು ಮಾಡಿದ ವಾರಕ್ಕೆ ಕೌಂಟ್ 1,71,000. ಮಗ ರಿಪೋರ್ಟ್ ಬರುವ ಮುಂಚೆಯೇ ಫೋನ್ ಮಾಡಿ, "ಏರಿದೆಯಾ ಮೇಡಂ?" ಅಂತ ಕೇಳಿದ. ಏರಿದೆ ಅಂದೆ. ಸರಿ ಅಂತ ಇಟ್ಟ. ನಾಲ್ಕನೇ ತಿಂಗಳು 88,000. ಒಂಬತ್ತನೇ ತಿಂಗಳು 21,400. ಹಿಮೋಗ್ಲೋಬಿನ್ 12.6, ಪ್ಲೇಟ್‌ಲೆಟ್ 1,48,000. ಗುಲ್ಮ ಕೈಗೆ ಸಿಗುವುದಿಲ್ಲ. ತೂಕ ಆರು ಕಿಲೋ ವಾಪಸ್ ಬಂದಿದೆ.

ಎಲ್ಲ ಸುಸೂತ್ರ ಅಂತಲ್ಲ. ತೋಳಿನ ಮೇಲೆ ಅಲ್ಲಲ್ಲಿ ನೀಲಿ ಕಲೆ ಏಳುತ್ತೆ, ಈ ಔಷಧಕ್ಕೆ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ಕೆಡಿಸುವ ಗುಣ ಇದೆ. ಬಿಪಿ ಏರಿದ್ದರಿಂದ ಒಂದು ಮಾತ್ರೆ ಸೇರಿದೆ. ಎದೆಬಡಿತ ತಾಳ ತಪ್ಪಬಹುದು ಅಂತ ಆಗಾಗ ಇಸಿಜಿ. ಖರ್ಚು ಪ್ರತಿ ತಿಂಗಳೂ ಇದೆ, ನಿಲ್ಲಿಸುವ ದಿನಾಂಕ ಇಲ್ಲ. ಗೋಡೌನ್ ಪೂರ್ತಿ ಖಾಲಿಯಾಗಿಲ್ಲ, ಮೂಲೆಯಲ್ಲಿ ಉಳಿದಿರುತ್ತೆ. ಕೆಲವರಲ್ಲಿ ವರ್ಷಗಳಾದ ಮೇಲೆ ಕ್ಯಾನ್ಸರ್ ಕಣ ಬಿಟಿಕೆಯ ರೂಪವನ್ನೇ ಬದಲಿಸಿಕೊಳ್ಳುತ್ತೆ. ಔಷಧ ಬಂದು ಕಚ್ಚಿಕೊಳ್ಳುವ ಜಾಗ ಆ ಕಿಣ್ವದ 481ನೇ ಕೊಂಡಿ. ಅಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ ಔಷಧದ ಹಿಡಿತ ತಪ್ಪುತ್ತೆ. ಆಗ ಬೇರೆ ದಾರಿಗಳಿವೆ. ಇವರಿಗೆ ಸದ್ಯ ಅದರ ಸೂಚನೆ ಇಲ್ಲ.

ನನ್ನ ಲ್ಯಾಬಿನಲ್ಲಿ ಎರಡು ಬದಲಾವಣೆ ಮಾಡಿದ್ದೇನೆ. ರಕ್ತ ತೆಗೆಯುವ ಹುಡುಗರು ಈಗ ಯಾವ ಮಾತ್ರೆ ನಡೆಯುತ್ತಿದೆ ಅಂತ ಕೇಳಿ ಚೀಟಿಯಲ್ಲಿ ಬರೆಯುತ್ತಾರೆ. ಈ ಗುಂಪಿನ ಔಷಧ ಇದ್ದರೆ ಕೆಂಪು ಸಾಲಿನ ಕೆಳಗೆ, ಔಷಧದಿಂದ ಕೌಂಟ್ ಏರಿರಬಹುದು, ಬರೆದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ ಅಂತ ಕನ್ನಡದಲ್ಲೇ ಬರುತ್ತೆ. ಕನ್ನಡದಲ್ಲಿ ಯಾಕೆ, ರಿಪೋರ್ಟ್ ಇಂಗ್ಲಿಷಿನದ್ದಲ್ವಾ ಅಂತ ಸಾಫ್ಟ್‌ವೇರ್ ಹುಡುಗ ಕೇಳಿದ. ಓದುವವರು ಯಾರಪ್ಪ ಅಂದೆ.

ಹೋದ ವಾರ ಮಗನ ಫೋನ್ ಬಂತು. ಅಪ್ಪನಿಗೆ ದವಡೆ ಹಲ್ಲು ಕೀಳಿಸಬೇಕು. ರಕ್ತ ಜಾಸ್ತಿ ಹೋಗಬಾರದು ಅಂತ ತಜ್ಞರು ಕೀಳಿಸುವ ಮುಂಚೆ ಮೂರು ದಿನ, ಆಮೇಲೆ ಮೂರು ದಿನ ಕ್ಯಾಪ್ಸೂಲ್ ನಿಲ್ಲಿಸಲು ಹೇಳಿದ್ದಾರೆ. ಅದಾದ ಮೇಲೆ ಸಿಬಿಸಿ ಮಾಡಿಸಬೇಕಂತೆ.

"ಮೇಡಂ, ಈ ಸಲ ಕೌಂಟ್ ಇಳಿದಿರುತ್ತೆ ಅಲ್ವಾ?"

"ಇಳಿದಿರಬಹುದು."

"ಇಳಿದ್ರೆ ಖುಷಿ ಪಡೋ ಹಂಗಿಲ್ಲ."

"ಕುತ್ತಿಗೆ ಮುಟ್ಟಿ ನೋಡಪ್ಪ," ಅಂದೆ.

"ದಿನಾ ನೋಡ್ತಿದೀನಿ ಮೇಡಂ. ಅಪ್ಪ ಬೈತಾರೆ, ಕಚಗುಳಿ ಆಗ್ತದಂತೆ."